ಸೊನ್ನೆ ಒತ್ತಿದರೆ ಆಪಾ

ಮೊನ್ನೆ ಮಗನಿಗೆ ನೆಗಡಿಯಾಗಿ ಮೂಗು ಕಟ್ಟಿತ್ತು. ಬಿಸಿನೀರಿನ ಪಾತ್ರೆಗೆ ನಾಲ್ಕು ಹನಿ ನೀಲಗಿರಿ ಎಣ್ಣೆ ಬಿಟ್ಟು, ಅವನ ತಲೆಯ ಮೇಲೆ ಟವೆಲ್ ಹೊದಿಸಿದೆ. ಅವನು ಆವಿ ಎಳೆದುಕೊಳ್ಳುವುದು ಬಿಟ್ಟು ಒಳಗಿನಿಂದಲೇ ಗೊಣಗುತ್ತಿದ್ದ. ಪಕ್ಕದಲ್ಲಿ ಕೂತು ಗದರಿಸಬೇಕಾದವಳು ನಾನು. ಆದರೆ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಶಿವಮೊಗ್ಗದ ಈ ಅಡುಗೆಮನೆಯನ್ನು ಬಿಟ್ಟು ನಾನು ಕಡೂರಿನ ಒಂದು ಆಸ್ಪತ್ರೆಗೆ ಹೋಗಿಬಿಟ್ಟಿದ್ದೆ. ಅಲ್ಲಿ ಮೆಟ್ಟಿಲ ಕೆಳಗೆ ಒಂದು ಪುಟ್ಟ ಕೋಣೆ, ಕೋಣೆಯಲ್ಲಿ ಒಂದು ಮೇಜು, ಮೇಜಿನ ಮೇಲೆ ಟೆಲಿಫೋನ್ ಬೋರ್ಡು. ಅದರ ಕಪ್ಪು ರಿಸೀವರ್ ಎತ್ತಿದರೆ ಇದೇ ವಾಸನೆ ಬರುತ್ತಿತ್ತು...

ಆ ಕೋಣೆ ಆಪಾ ಅವರದು. ದಖ್ಖನಿ ಮಾತಾಡುವ ಮನೆಗಳಲ್ಲಿ ಅಕ್ಕನಿಗೆ ಆಪಾ ಅನ್ನುತ್ತಾರೆ. ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರಿಗೂ ಅವರು ಆಪಾ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ಬೋರ್ಡಿನ ಮುಂದೆ ಕೂತು, ಬಂದ ಕರೆಗಳನ್ನು ಎತ್ತಿ, ಬೇಕಾದವರಿಗೆ ಸೇರಿಸುತ್ತಿದ್ದರು. ದಿನವಿಡೀ ಮಾತಾಡಿ ಅವರ ಗಂಟಲು ಸದಾ ಕೆರೆಯುತ್ತಿತ್ತು. ಅದಕ್ಕೇ ಕರ್ಚೀಫಿಗೆ ನೀಲಗಿರಿ ಎಣ್ಣೆ ಹಾಕಿಕೊಂಡು ಬರುತ್ತಿದ್ದರು, ಬೆಳಿಗ್ಗೆ ಬಂದ ಕೂಡಲೇ ಅದೇ ಕರ್ಚೀಫಿನಿಂದ ರಿಸೀವರನ್ನು ಮಗುವಿನ ಮೂತಿ ಒರೆಸಿದ ಹಾಗೆ ಒರೆಸುತ್ತಿದ್ದರು.

ನಾನು ಆಗ ಡಿಪ್ಲೊಮಾ ಮುಗಿಸಿ ಆಫೀಸುಗಳಿಗೆ ಟೆಲಿಫೋನ್ ವ್ಯವಸ್ಥೆ ಹಾಕಿಕೊಡುವ ಒಬ್ಬ ಕಂಟ್ರಾಕ್ಟರರ ಹತ್ತಿರ ಕೆಲಸಕ್ಕೆ ಸೇರಿದ್ದೆ. ಮನೆ ತರೀಕೆರೆಯಲ್ಲಿ. ದಿನಾ ಬೆಳಿಗ್ಗೆ ರೈಲಿನಲ್ಲಿ ಕಡೂರಿಗೆ ಹೋಗಿ ಸಂಜೆ ವಾಪಸು ಬರುತ್ತಿದ್ದೆ. ಲೋಕದಲ್ಲಿರುವ ಗೊಂದಲವೆಲ್ಲ ಯಾರೂ ಸರಿಯಾಗಿ ನಂಬರು ಹಾಕದೆ ಇರುವುದರಿಂದ ಆಗಿದೆ ಅನ್ನುವುದು ಆ ವಯಸ್ಸಿನಲ್ಲಿ ನನ್ನ ಗಟ್ಟಿ ನಂಬಿಕೆ.

ಆ ಆಸ್ಪತ್ರೆಯಲ್ಲಂತೂ ನನ್ನ ನಂಬಿಕೆಗೆ ಬೇಕಾದಷ್ಟು ಸಾಕ್ಷಿ ಇತ್ತು. ಕಡೂರಿನದು ಮುಖ್ಯ ಆಸ್ಪತ್ರೆ, ತರೀಕೆರೆಯಲ್ಲೂ ಅಜ್ಜಂಪುರದಲ್ಲೂ ಒಂದೊಂದು ಶಾಖೆ. ಮೂರೂ ಕಡೆ ಒಳಗಿನ ಫೋನುಗಳಿಗೆ ಇನ್ನೂರ ಒಂದರಿಂದಲೇ ನಂಬರು ಶುರು. ಇನ್ನೂರ ನಾಲ್ಕು ಅಂದರೆ ಕಡೂರಿನಲ್ಲಿ ಲ್ಯಾಬು, ತರೀಕೆರೆಯಲ್ಲಿ ಹೆರಿಗೆ ವಾರ್ಡು, ಅಜ್ಜಂಪುರದಲ್ಲಿ ಜನರೇಟರ್ ರೂಮು. ಈ ಮೂರನ್ನೂ ಒಂದು ವಾಯ್ಸ್‌ಮೇಲ್ ವ್ಯವಸ್ಥೆಗೆ ಸೇರಿಸುವುದು, ಯಾವ ನಂಬರು ಒತ್ತಿದರೆ ಎಲ್ಲಿಗೆ ಹೋಗಬೇಕು ಅನ್ನುವ ಡಯಲ್ ಪ್ಲಾನನ್ನು ಒಂದೊಂದು ಊರಿಗೂ ಮಾಡುವುದು, ಹೊರಗಿನಿಂದ ಕರೆ ಮಾಡಿದವರು ಹೆಸರಿನ ಅಕ್ಷರ ಒತ್ತಿದರೆ ಆ ಸಿಬ್ಬಂದಿಯನ್ನು ಮಿಷಿನ್ನೇ ಹುಡುಕಿಕೊಡುವ ಹಾಗೆ ಡೈರೆಕ್ಟರಿ ಜೋಡಿಸುವುದು ನನ್ನ ಕೆಲಸ. ಆಪಾ ಮಾಡುತ್ತಿದ್ದದ್ದನ್ನೇ ಮಿಷಿನ್ನಿನಿಂದ ಮಾಡಿಸುವುದು ಅಂತಲೂ ಹೇಳಬಹುದು. ನಾನು ಹಾಗೆ ಹೇಳುತ್ತಿರಲಿಲ್ಲ, ಅಷ್ಟೆ.

ಆಪಾ ನನಗೆ ಅಡ್ಡಿ ಮಾಡಲಿಲ್ಲ. ತರೀಕೆರೆಯ ಹೆರಿಗೆ ವಾರ್ಡಿನ ನಂಬರು ಮಾತ್ರ ಬದಲಿಸಬೇಡ, ಅಲ್ಲಿನ ಸಿಸ್ಟರ್‌ಗೆ ಕೈ ಅಭ್ಯಾಸ ಆಗಿದೆ, ಗಡಿಬಿಡಿಯಲ್ಲಿ ತಪ್ಪು ಒತ್ತಿಬಿಡುತ್ತಾರೆ ಅಂದರು. ಹಳೆಯ ನಂಬರುಗಳನ್ನು ಹಾಗೇ ಇಟ್ಟು, ಮುಂದೆ ಊರಿಗೊಂದು ಅಂಕಿ ಸೇರಿಸುವ ಉಪಾಯ ನನಗೆ ಹೊಳೆದದ್ದು ಅವರ ಆ ಮಾತಿನಿಂದಲೇ. ನಮ್ಮ ಕಂಟ್ರಾಕ್ಟರರ ಹತ್ತಿರ ಅದು ನನ್ನದೇ ಬುದ್ಧಿ ಅಂತ ಹೇಳಿಕೊಂಡು ಶಹಬ್ಬಾಸ್ ಗಿಟ್ಟಿಸಿದೆ.

ಅವರು ಕರೆ ತೆಗೆದುಕೊಳ್ಳುವ ರೀತಿ ಮಾತ್ರ ನನಗೆ ಹಿಡಿಸುತ್ತಿರಲಿಲ್ಲ. ಎಮ್ಮೆದೊಡ್ಡಿ ಕಡೆಯಿಂದ ಒಬ್ಬರು ಯಜಮಾನರು ವಾರಕ್ಕೊಮ್ಮೆ ಫೋನ್ ಮಾಡಿ, ಫೋನೇ ಇಲ್ಲದೆ ನೇರವಾಗಿ ಕಡೂರಿಗೇ ಕೇಳಿಸಲಿ ಅನ್ನುವ ಹಾಗೆ ಯಾರು ಮಾತಾಡೋದು ಅಂತ ಕೂಗುತ್ತಿದ್ದರು. ಆಪಾ ರಿಸೀವರನ್ನು ಕಿವಿಯಿಂದ ಗೇಣು ದೂರ ಹಿಡಿದು, ಸೊಂಟದ ನೋವು ಹೇಗಿದೆ ಅಂತ ಶುರು ಮಾಡುತ್ತಿದ್ದರು. ಗೊತ್ತಿಲ್ಲದವರು ಯಾರನ್ನಾದರೂ ಹೆಸರು ಹಿಡಿದು ಕೇಳಿದರಂತೂ ವಿಚಾರಣೆಯೇ ಸರಿ. ಯಾವೂರು, ಅವರಿಗೆ ನೀವು ಏನಾಗಬೇಕು, ವಿಷಯ ಏನು, ನಾನೇ ಹೇಳಿದರೆ ಆಗುತ್ತದಾ... ಇದು ಊರ ಹೆಂಗಸರ ಕುತೂಹಲ, ಆಫೀಸಿನಲ್ಲಿ ಇರಬಾರದು ಅಂತ ನಾನು ಮನಸ್ಸಿನಲ್ಲೇ ತೀರ್ಮಾನ ಮಾಡಿದ್ದೆ.

ಡೈರೆಕ್ಟರಿ ಜೋಡಿಸಲು ಕೂತಾಗ ಮೊದಲ ದಿನವೇ ತಲೆಬಿಸಿ ಆಯಿತು. ಮಿಷಿನ್ನು ಮನೆತನದ ಹೆಸರು ಕೇಳುತ್ತಿತ್ತು. ನಮ್ಮ ಕಡೆ ಯಾರಿಗೆ ಇದೆ ಮನೆತನದ ಹೆಸರು? ಹೆಸರಿನ ಮುಂದೆ ಒಂದೋ ಎರಡೋ ಇನಿಷಿಯಲ್ಲು, ಅದು ಅಪ್ಪನದೋ ಊರಿನದೋ ಅವರಿಗೇ ಸರಿಯಾಗಿ ಗೊತ್ತಿರುವುದಿಲ್ಲ. ಹಾಗಾಗಿ ಸ್ವಂತ ಹೆಸರಿನಿಂದ ಹುಡುಕುವ ಹಾಗೆ ಮಾಡಿದೆ. ಆಗ ಇನ್ನೊಂದು ಪಜೀತಿ. ಮಂಜುಳಾ ಅಂತ ಒತ್ತಿದರೆ ಐದು ಮಂದಿ ಮಂಜುಳಾ. ಮಂಜುನಾಥರನ್ನು ಎಣಿಸಲು ನಾನು ಹೋಗಲೇ ಇಲ್ಲ.

ಆಗ ನಾನು ಮಾಡಿದ್ದು ನಮ್ಮ ಸೀಮೆಯವರು ಯಾರೇ ಆಗಿದ್ದರೂ ಮಾಡುತ್ತಿದ್ದದ್ದೇ. ಒಂದೇ ಹೆಸರಿನವರು ಇಬ್ಬರಿದ್ದರೆ ಊರು ಸೇರಿಸಿ ಕರೆಯುತ್ತೇವಲ್ಲ, ಹಾಗೆ. ಪ್ರತಿಯೊಬ್ಬರಿಂದಲೂ ಅವರವರ ದನಿಯಲ್ಲೇ ಹೆಸರಿನ ಜೊತೆಗೆ ಕೆಲಸ ಮಾಡುವ ಊರು ಹೇಳಿಸಿ ರೆಕಾರ್ಡ್ ಮಾಡಿಕೊಳ್ಳುವುದು ಅಂತ ಗೊತ್ತುಮಾಡಿದೆ. ಹೊರಗಿನವರು ಮಂಜುಳಾ ಅಂತ ಒತ್ತಿದರೆ ಮಿಷಿನ್ನು ಐವರನ್ನೂ ಒಬ್ಬೊಬ್ಬರಾಗಿ ಕೇಳಿಸುತ್ತದೆ, ತಮಗೆ ಬೇಕಾದವರನ್ನು ಆರಿಸಿಕೊಂಡರಾಯಿತು. ಮೂರೂ ಊರಿನ ಎಲ್ಲರೂ ಎಲ್ಲರಿಗೂ ಸಿಗುತ್ತಾರೆ. ನನಗೆ ನನ್ನ ಬಗ್ಗೆಯೇ ಹೆಮ್ಮೆ ಆಯಿತು.

ಪಟ್ಟಿ ಹಿಡಿದುಕೊಂಡು ಆಪಾ ಹತ್ತಿರ ಹೋದಾಗ ಅವರು ಕನ್ನಡಕ ಏರಿಸಿ ಪೂರ್ತಿ ಓದಿದರು. ಆಮೇಲೆ ಮೂರು ಹೆಸರಿನ ಮೇಲೆ ಬೆರಳಿಟ್ಟು, ಇವು ಮಿಷಿನ್ನಿಗೆ ಬೇಡ ಅಂದರು. ಕಡೂರಿನ ಒಬ್ಬ ಡಾಕ್ಟರು, ತರೀಕೆರೆಯ ಒಬ್ಬ ವಾರ್ಡ್‌ಬಾಯ್, ಅಜ್ಜಂಪುರದ ಔಷಧ ಕೌಂಟರಿನ ಮಂಜುಳಾ. ಯಾಕೆ ಅಂತ ಕೇಳಿದೆ. ಅವರು ಪಟ್ಟಿ ಮಡಚಿ ನನ್ನ ಕೈಗಿಟ್ಟರು. ಆಸ್ಪತ್ರೆಯ ಮ್ಯಾನೇಜರನ್ನು ಕೇಳಿದೆ, ಸಿಬ್ಬಂದಿ ಅಂದಮೇಲೆ ಎಲ್ಲರೂ ಇರಬೇಕು ಅಂದರು. ವಾಪಸು ಬಂದು ಅದನ್ನೇ ಹೇಳಿದೆ.

"ಬೇಡ ಅಂದ್ರೆ ಬೇಡ ಕಣಮ್ಮ. ಒಂದ್ ಮಾತು ಕೇಳು," ಅಂದರು ಆಪಾ.

ಅದಕ್ಕೆ ನಾನು ಹೇಳಿದ್ದನ್ನು ಇವತ್ತು ಬರೆಯಲೂ ನಾಚಿಕೆ ಆಗುತ್ತದೆ. ಮಿಷಿನ್ನು ಬಂದರೆ ನಿಮ್ಮ ಕುರ್ಚಿ ಹೋಗುತ್ತದೆ ಅಂತ ತಾನೆ ಆಪಾ ನಿಮಗೆ ಭಯ, ಅಂದುಬಿಟ್ಟೆ. ಅಷ್ಟರಲ್ಲಿ ಬೋರ್ಡಿನಲ್ಲಿ ದೀಪ ಹತ್ತಿತು. ಅವರು ರಿಸೀವರ್ ಎತ್ತಿ ಎಂದಿನ ದನಿಯಲ್ಲಿ ನಮಸ್ಕಾರ ಅಂದರು.

ಮಂಜುಳಾ ಅನ್ನುವುದು ಆಕೆಯ ನಿಜವಾದ ಹೆಸರಲ್ಲ. ಆಕೆ ಕೂರುತ್ತಿದ್ದದ್ದು ಔಷಧ ಕೌಂಟರಿನಲ್ಲೂ ಅಲ್ಲ. ಯಾಕೆ ಹೀಗೆ ಬದಲಿಸಿದ್ದೇನೆ ಅನ್ನುವುದು ಮುಂದೆ ಓದಿದರೆ ತಿಳಿಯುತ್ತದೆ.

ರೆಕಾರ್ಡಿಂಗಿಗೆ ಅಂತ ಅಜ್ಜಂಪುರಕ್ಕೆ ಹೋದ ದಿನ ಆಕೆಯನ್ನು ಮೊದಲ ಸಲ ನೋಡಿದೆ. ನನಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು. ಸಣ್ಣ ಮೈಕಟ್ಟು, ಮಾತು ಕಡಿಮೆ. ರಿಸೀವರ್ ಕೈಗೆ ಕೊಟ್ಟಾಗ, ನಾನು ಹೇಳಲೇಬೇಕಾ ಮೇಡಂ ಅಂತ ಕೇಳಿದಳು. ನಾಚಿಕೆ ಅಂದುಕೊಂಡೆ. ಎರಡು ಪದ ಹೇಳೋದಕ್ಕೆ ಇಷ್ಟೊಂದು ಯೋಚನೆಯಾ ಅಂತ ತಮಾಷೆ ಮಾಡಿದೆ. ಆಕೆ ಹೆಸರು, ಊರು ಹೇಳಿದಳು. ದನಿ ಕೆಳಗಿತ್ತು, ಸರಿಯಾಗಿ ಮೂಡಿರಲಿಲ್ಲ. ಇನ್ನೊಮ್ಮೆ ಹೇಳಿಸಿದೆ, ಸ್ವಲ್ಪ ಜೋರಾಗಿ, ಸ್ಪಷ್ಟವಾಗಿ. ಆ ಎರಡನೆಯ ಸಲ ಹೇಳಿಸಿದ್ದು ನನ್ನನ್ನು ಎಷ್ಟು ವರ್ಷ ಕಾಡಿತು ಅನ್ನುವುದು ನನಗೇ ಗೊತ್ತು.

ಸೋಮವಾರ ಮಿಷಿನ್ನು ಶುರುವಾಯಿತು. ಮ್ಯಾನೇಜರು ಎಲ್ಲರಿಗೂ ಮೈಸೂರುಪಾಕು ಹಂಚಿದರು. ಕರೆ ಮಾಡಿದವರಿಗೆ ಮೊದಲು ಮಿಷಿನ್ನು ಸಿಗುತ್ತಿತ್ತು, ಅದು ಬೇಡ ಅನ್ನುವವರು ಸೊನ್ನೆ ಒತ್ತಿದರೆ ಆಪಾ ಸಿಗುತ್ತಿದ್ದರು. ಮೊದಲೆರಡು ದಿನ ಬೋರ್ಡಿನ ಕೋಣೆ ಹಬ್ಬ ಮುಗಿದ ಮನೆಯಂತಿತ್ತು. ಆಪಾ ತಮ್ಮ ಪಾಡಿಗೆ ತಾವು ಸ್ವೆಟರ್ ಹೆಣೆಯುತ್ತಿದ್ದರು.

ಬುಧವಾರ ಮಧ್ಯಾಹ್ನ ಊಟ ಮುಗಿಸಿ ನಾನು ಅವರ ಪಕ್ಕದಲ್ಲೇ ಕೂತು ತಂತಿಗಳಿಗೆ ಚೀಟಿ ಅಂಟಿಸುತ್ತಿದ್ದೆ. ಅಜ್ಜಂಪುರದಿಂದ ಕರೆ ಬಂತು. ಆಪಾ ಹೆಣಿಗೆ ಕೆಳಗಿಟ್ಟು ಕೇಳಿಸಿಕೊಂಡರು. ಕೊನೆಗೆ, ಅಲ್ಲೇ ಇರು, ಗೇಟಿನ ಕಡೆ ಬರಬೇಡ ಅಂತಷ್ಟೇ ಹೇಳಿ ಇಟ್ಟರು.

ಆಮೇಲೆ ನನಗೆ ಎಲ್ಲವನ್ನೂ ಹೇಳಿದರು. ಮಂಜುಳಾ ಗಂಡನ ಕೈಯಿಂದ ಜೀವ ಉಳಿಸಿಕೊಂಡು ಓಡಿಬಂದವಳು. ಒಂದು ಸಲ ಅವನು ಸೀಮೆಎಣ್ಣೆ ಸುರಿದಿದ್ದ, ಪಕ್ಕದ ಮನೆಯವರು ಬಾಗಿಲು ಒಡೆದಿದ್ದರಿಂದ ಬದುಕಿದ್ದಳು. ಆಕೆ ಈ ಸೀಮೆಯ ಯಾವುದೋ ಆಸ್ಪತ್ರೆಯಲ್ಲಿ ಇದ್ದಾಳೆ ಅನ್ನುವಷ್ಟು ಸುಳಿವು ಅವನಿಗೆ ಹೇಗೋ ಸಿಕ್ಕಿತ್ತು. ಎರಡು ವರ್ಷದಿಂದ ತಿಂಗಳಿಗೊಮ್ಮೆ ಫೋನ್ ಮಾಡಿ ಕೇಳುತ್ತಿದ್ದ. ಒಮ್ಮೆ ಅಣ್ಣ ಅನ್ನುತ್ತಿದ್ದ, ಒಮ್ಮೆ ಬ್ಯಾಂಕಿನವನು ಅನ್ನುತ್ತಿದ್ದ, ಒಮ್ಮೆ ಆಕೆಯ ತಾಯಿಗೆ ಹುಷಾರಿಲ್ಲ ಅನ್ನುತ್ತಿದ್ದ. ಆಪಾ ಪ್ರತಿ ಸಲವೂ ದನಿ ಗುರುತು ಹಿಡಿದು, ವಿಚಾರಿಸುವ ನೆಪದಲ್ಲಿ ಅವನನ್ನು ಸುತ್ತಿಸಿ, ಇಲ್ಲ ಅಂತ ಕಳಿಸುತ್ತಿದ್ದರು. ಈ ಸಲ ಅವನಿಗೆ ಆಪಾ ಸಿಗಲಿಲ್ಲ. ಮಿಷಿನ್ನು ಬಹಳ ಮರ್ಯಾದೆಯಿಂದ ಯಾರು ಬೇಕು ಅಂತ ಕೇಳಿತು. ಅವನು ಹೆಸರು ಒತ್ತಿದ. ಐದು ಜನರಲ್ಲಿ ಅವಳ ದನಿಯಲ್ಲೇ ಅವಳ ಹೆಸರೂ ಊರೂ ಕೇಳಿಸಿತು. ಆಕೆಯ ವಾಯ್ಸ್‌ಮೇಲ್ ಪೆಟ್ಟಿಗೆಯಲ್ಲಿ ಅವನು ಬಿಟ್ಟ ಸಂದೇಶದಲ್ಲಿ ಇದ್ದದ್ದು ಎರಡೇ ಪದ.

"ಅಂತೂ ಸಿಕ್ದೆ."

ಉಳಿದಿಬ್ಬರ ಹೆಸರು ಬೇಡ ಅಂದದ್ದು ಯಾಕೆ ಅಂತ ಆಗ ಅರ್ಥವಾಯಿತು. ಅವರಿಬ್ಬರಿಗೂ ಇದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಒಂದೇ ಹೆಸರು ಬೇಡ ಅಂದರೆ ನನಗೆ ಅನುಮಾನ ಬರಬಹುದು ಅಂತ ಮೂರು ಮಾಡಿದ್ದರು. ಆಕೆಯ ಗುಟ್ಟನ್ನು ಬಾಯಿ ಬಿಡುವುದಿಲ್ಲ ಅಂತ ಮಾತು ಕೊಟ್ಟಿದ್ದರಂತೆ.

ನಾನು ಅಳಲು ಶುರು ಮಾಡಿದೆ. ಅದಕ್ಕೆಲ್ಲ ಈಗ ಪುರಸೊತ್ತಿಲ್ಲ ಅಂತ ಆಪಾ ಎದ್ದರು, ತಮ್ಮ ಕುರ್ಚಿಯನ್ನು ನನ್ನ ಕಡೆ ತಳ್ಳಿದರು. ಮೊದಲು ಹೆಸರಿನಿಂದ ಹುಡುಕುವುದನ್ನು ನಿಲ್ಲಿಸು, ಬರುವ ಕರೆಯೆಲ್ಲ ಈ ಬೋರ್ಡಿಗೇ ಬರಲಿ ಅಂದರು. ನಂತರ ಅವರು ಹೇಳಿದ ಮಾತು ಹಾಗೇ ನೆನಪಿದೆ.

"ಅವ್ನು ಖಾತ್ರಿ ಮಾಡ್ಕಳಕ್ಕೆ ತಿರ್ಗ ಫೋನ್ ಮಾಡ್ತಾನೆ. ನೀನು ಹೆದರಿದ್ದು ದನಿನಾಗೆ ಗೊತ್ತಾಗ್‌ಬಾರ್ದು ಬೇಟಿ. ನಾನ್ ಅವ್ಳನ್ನ ಕರ್ಕೊಂಡ್ ಬತ್ತೀನಿ."

ಬೇಟಿ ಅಂತ ಅವರು ನನ್ನನ್ನು ಕರೆದದ್ದು ಅದೇ ಮೊದಲು. ಕೆಲಸದ ಮಧ್ಯೆ ಆ ಕುರ್ಚಿ ಬಿಟ್ಟು ಅವರು ಎದ್ದು ಹೋದದ್ದನ್ನು ಆಸ್ಪತ್ರೆಯಲ್ಲಿ ಯಾರೂ ಕಂಡಿರಲಿಲ್ಲ. ಕೈಚೀಲ ತೆಗೆದುಕೊಂಡು ಅಜ್ಜಂಪುರದ ಬಸ್ಸಿಗೆ ಓಡಿದರು.

ಮಿಷಿನ್ನಿನ ಹುಡುಕಾಟ ನಿಲ್ಲಿಸಿ ನಾನು ಬೋರ್ಡಿನ ಮುಂದೆ ಕೂತೆ. ಕರೆಗಳ ಮೇಲೆ ಕರೆ. ಎಕ್ಸ್‌ರೇ ಕೇಳಿದವರಿಗೆ ಅಡುಗೆಮನೆ ಕೊಟ್ಟೆ, ಮಕ್ಕಳ ಡಾಕ್ಟರನ್ನು ಕೇಳಿದವರನ್ನು ಲೆಕ್ಕದ ವಿಭಾಗಕ್ಕೆ ಕಳಿಸಿದೆ. ಯಾರೋ ನನ್ನನ್ನು ಚೆನ್ನಾಗಿ ಬೈದರು. ನಾಲ್ಕು ಗಂಟೆಯ ಹೊತ್ತಿಗೆ ಒಂದು ಗಂಡು ದನಿ ಬಹಳ ನಯವಾಗಿ, ಅಜ್ಜಂಪುರದ ಮಂಜುಳಾ ಬೇಕಿತ್ತು ಅಂದಿತು. ಅಲ್ಲಿ ಆ ಹೆಸರಿನವರು ಯಾರೂ ಇಲ್ಲ ಅಂದೆ. ಮಿಷಿನ್ನು ಆಗಲೇ ಹೇಳಿತಲ್ಲ ಅಂದ. ಮಿಷಿನ್ನು ಹೊಸದು, ಜೋಡಿಸಿದವರು ತಪ್ಪು ಮಾಡಿದ್ದಾರೆ, ಸರಿ ಮಾಡುತ್ತಿದ್ದಾರೆ ಅಂದೆ. ಅಷ್ಟು ನಿಜವನ್ನು ನಾನು ಯಾವತ್ತೂ ಹೇಳಿರಲಿಲ್ಲ. ಅವನು, ನಿಮ್ಮ ಹೆಸರು ಏನ್ರೀ ಅಂತ ಕೇಳಿದ.

"ಆಪರೇಟರ್," ಅಂದೆ.

ಮಾರನೆಯ ದಿನ ಬೆಳಿಗ್ಗೆ ಅವನು ಅಜ್ಜಂಪುರಕ್ಕೆ ಬಂದೇ ಬಂದ. ಕೌಂಟರಿನ ಹಿಂದೆ ಬೇರೆಯವರು ಕೂತಿದ್ದರು. ಅಲ್ಲಿನವರಿಗೆಲ್ಲ ಆಪಾ ಹೇಳಿಬಂದಿದ್ದರು, ಯಾರೂ ಬಾಯಿ ಬಿಡಲಿಲ್ಲ. ಎರಡು ದಿನ ಎದುರಿನ ಟೀ ಅಂಗಡಿಯಲ್ಲಿ ಕಾದು ಕೂತವನು ಮೂರನೆಯ ದಿನ ಕಾಣಲಿಲ್ಲ. ಮಂಜುಳಾ ಅಷ್ಟು ದಿನವೂ ಕಡೂರಿನಲ್ಲಿ, ಆಪಾ ಮನೆಯ ಒಳಕೋಣೆಯಲ್ಲಿದ್ದಳು. ಹತ್ತು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಆಪಾ ಅವಳನ್ನು ರೈಲು ಹತ್ತಿಸಿದರು. ಯಾವ ಕಡೆಯ ರೈಲು ಅಂತ ಯಾರಿಗೂ ಹೇಳಲಿಲ್ಲ.

ಆ ವಾರವೇ ನಾವಿಬ್ಬರೂ ಕೂತು ಡೈರೆಕ್ಟರಿಯನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದೆವು. ಹೊರಗಿನವರಿಗೆ ಲ್ಯಾಬು, ಹೆರಿಗೆ ವಾರ್ಡು, ಔಷಧ ಅಂತ ವಿಭಾಗಗಳು ಮಾತ್ರ ಸಿಗಬೇಕು, ಮನುಷ್ಯರ ಹೆಸರು ಸಿಗಬಾರದು. ಒಳಗಿನವರಿಗೆ ಅವರವರ ಊರಿನವರು ಮಾತ್ರ. ಹೆಸರಿನ ಜೊತೆ ಊರು ಇರಬಾರದು. ಅದಕ್ಕೂ ಮೀರಿ ಯಾರಾದರೂ ಬೇಕಾದರೆ ಸೊನ್ನೆ ಒತ್ತಿ ಆಪಾ ಹತ್ತಿರ ಮಾತಾಡಬೇಕು. ಮ್ಯಾನೇಜರಿಗೆ ಡೈರೆಕ್ಟರಿಯಲ್ಲಿ ದೋಷ ಇತ್ತು, ಸರಿ ಮಾಡಿದ್ದೇವೆ ಅಂದೆವು. ಅವರು ಓದದೆಯೇ ಸಹಿ ಹಾಕಿದರು. ಕೊನೆಯಲ್ಲಿ ಮಂಜುಳಾ ಪೆಟ್ಟಿಗೆಯಿಂದ ಅವನ ಸಂದೇಶವನ್ನೂ ಅವಳ ದನಿಯನ್ನೂ ಅಳಿಸಿದೆ. ನಿಜವಾಗಲೂ ಹೋಯಿತಾ, ಇನ್ನೊಂದು ಸಲ ಒತ್ತಿ ನೋಡು ಅಂದರು ಆಪಾ. ಒತ್ತಿ ರಿಸೀವರನ್ನು ಅವರ ಕಿವಿಗೆ ಹಿಡಿದೆ. ಏನೂ ಕೇಳಿಸದೆ ಇದ್ದಾಗ ತಲೆಯಾಡಿಸಿದರು.

ಕ್ಷಮಿಸಿ ಅಂತ ಕೇಳಲು ನನಗೆ ಅಷ್ಟು ದಿನ ಬೇಕಾಯಿತು. ಕುರ್ಚಿಯ ಮಾತಿಗೂ ಸೇರಿಸಿಯೇ ಕೇಳಿದೆ. ಅವರು ಬೈಯಲಿಲ್ಲ. ಕಾರಣ ಹೇಳದೆ ಕೆಲಸ ಮಾಡಿಸಲು ಹೊರಟಿದ್ದು ತಮ್ಮದೂ ತಪ್ಪು ಅಂದರು. ಆಮೇಲೆ ಟೀಯಲ್ಲಿ ಅದ್ದಿಕೊಳ್ಳಲು ನನಗೊಂದು ಬೆಣ್ಣೆ ಬಿಸ್ಕತ್ತು ಕೊಟ್ಟರು. ಬೈದಿದ್ದರೆ ಹಗುರಾಗುತ್ತಿತ್ತು...

ಆಮೇಲೆ ವರ್ಷಕ್ಕೆ ನಾಲ್ಕು ಸಲವಾದರೂ ರಿಪೇರಿ ನೆಪದಲ್ಲಿ ಕಡೂರಿಗೆ ಹೋಗುತ್ತಿದ್ದೆ. ನನ್ನ ಮದುವೆಗೆ ತಾವೇ ಹೆಣೆದ ಶಾಲು ಹಿಡಿದು ಬಂದರು. ಅವರು ನಿವೃತ್ತರಾದ ಮೇಲೂ ಮನೆಗೆ ಹೋಗುತ್ತಿದ್ದೆ. ಒಮ್ಮೆ ಅಲ್ಲಿ ಟೀ ಕುಡಿಯುತ್ತಾ, ಮಂಜುಳಾ ಈಗ ಎಲ್ಲಿದ್ದಾಳೆ ಆಪಾ ಅಂತ ಕೇಳಿದೆ. ಅಷ್ಟು ಕೇಳುವ ಸಲುಗೆ ನನಗಿದೆ ಅಂದುಕೊಂಡಿದ್ದೆ. ಅವರು ನನ್ನನ್ನು ಅಕ್ಕರೆಯಿಂದಲೇ ನೋಡಿದರು. ನಂತರ ಬೋರ್ಡಿನ ಮುಂದೆ ಕೂತಾಗಿನ ದನಿಯಲ್ಲಿ ಯಾವ ಮಂಜುಳಾ ಅಂತ ಕೇಳಿ, ಎದ್ದು ಸಕ್ಕರೆ ತರಲು ಹೋದರು. ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಮನೆಗೆ ಬರುವಷ್ಟರಲ್ಲಿ ಆ ನೋವು ಹೋಗಿತ್ತು. ನಾನು ಆಕೆಗೆ ಮಾಡಿದ್ದನ್ನು ನೆನೆದರೆ ಅದಕ್ಕಿಂತ ಸರಿಯಾದ ಉತ್ತರ ಇರಲಿಲ್ಲ.

ಈಗ ಫೋನು ವ್ಯವಸ್ಥೆಗಳು ಎಲ್ಲಿಂದೆಲ್ಲಿಗೋ ಹೋಗಿವೆ. ನಾನು ಇವತ್ತಿಗೂ ಅದೇ ಕೆಲಸ ಮಾಡುತ್ತೇನೆ. ಯಾವ ಆಫೀಸಿಗೆ ಹೋದರೂ ಮ್ಯಾನೇಜರಿಗಿಂತ ಮೊದಲು ಫೋನ್ ಎತ್ತುವವರ ಹತ್ತಿರ ಕೂರುತ್ತೇನೆ. ಯಾರನ್ನು ಪಟ್ಟಿಯಿಂದ ಬಿಡಬೇಕು ಅಂತ ಕೇಳುತ್ತೇನೆ, ಯಾಕೆ ಅಂತ ಕೇಳುವುದಿಲ್ಲ.

ಮಗನ ನೆಗಡಿಯ ಆ ದಿನ ಆಪಾ ನಂಬರು ಒತ್ತಿದೆ. ಸ್ವಿಚ್ ಆಫ್ ಅಂತ ಬಂತು. ಎರಡು ವರ್ಷದಿಂದ ನಾನು ಅವರಿಗೆ ಒಂದು ಫೋನೂ ಮಾಡಿರಲಿಲ್ಲ ಅನ್ನುವುದು ಆಗ ಹೊಳೆಯಿತು. ದಿನವಿಡೀ ಫೋನಿನದೇ ಕೆಲಸ ಮಾಡುವವಳು ನಾನು. ಎರಡು ದಿನ ಬಿಟ್ಟು ಕಡೂರಿನ ರೈಲು ಹತ್ತಿದೆ.

ಬಾಗಿಲು ತೆಗೆದದ್ದು ಅವರ ಸೊಸೆ. ಮಂಜುಳಾ ಹೋದ ಎಷ್ಟೋ ವರ್ಷಗಳ ಮೇಲೆ ಆ ಮನೆಗೆ ಬಂದ ಹುಡುಗಿ. ನನ್ನನ್ನು ಒಳಗೆ ಕೂರಿಸಿ, ನೀರು ಕೊಟ್ಟು, ಆಪಾ ತೀರಿಕೊಂಡು ಮೂರು ತಿಂಗಳಾಯಿತು ಅಂದರು. ನಿಮ್ಮ ನಂಬರು ನಮ್ಮ ಹತ್ತಿರ ಇರಲಿಲ್ಲ, ಅತ್ತೆ ಯಾರ ನಂಬರನ್ನೂ ಬರೆದಿಡುತ್ತಿರಲಿಲ್ಲ, ಎಲ್ಲ ತಲೆಯಲ್ಲೇ ಅಂತ ಹೇಳಿ ಕಣ್ಣು ಒರೆಸಿಕೊಂಡರು. ನನಗೂ ಅಳು ಬಂತು. ಅವರಿದ್ದಾಗ ಇನ್ನೂ ನಾಲ್ಕು ಸಲ ಬರಬಹುದಿತ್ತು, ಬರಲಿಲ್ಲ. ಅದಕ್ಕೆ ಈಗ ಯಾವ ಸಮಾಧಾನವೂ ಇಲ್ಲ.

ಸ್ವಲ್ಪ ಹೊತ್ತಿನ ಮೇಲೆ ಸೊಸೆ ಇನ್ನೊಂದು ವಿಷಯ ಹೇಳಿದರು. ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆಗೆ ಗೊತ್ತಿಲ್ಲದ ಒಬ್ಬ ಹೆಂಗಸು ಬಂದಿದ್ದರಂತೆ. ಜೊತೆಯಲ್ಲಿ ಶಾಲೆಗೆ ಹೋಗುವ ವಯಸ್ಸಿನ ಒಂದು ಹೆಣ್ಣುಮಗು. ಸುದ್ದಿ ಅವರಿಗೆ ಯಾರು ಮುಟ್ಟಿಸಿದರೋ ಗೊತ್ತಿಲ್ಲ. ಯಾರೂ ತೋರಿಸದೆ ನೇರವಾಗಿ ಒಳಕೋಣೆಗೆ ಹೋಗಿ, ನೆಲದ ಮೇಲೆ ಕೂತು ಬಹಳ ಹೊತ್ತು ಅತ್ತರಂತೆ. ಊಟ ಮಾಡಿ, ತಟ್ಟೆ ತಾವೇ ತೊಳೆದಿಟ್ಟರಂತೆ. ಹೆಸರು ಕೇಳಿದರೆ ಹೇಳಲಿಲ್ಲವಂತೆ.

ಸಣ್ಣ ಮೈಕಟ್ಟಾ, ಮಾತು ಕಡಿಮೆಯಾ ಅಂತ ಕೇಳಲು ನನ್ನ ಬಾಯಿ ಮುಂದಾಯಿತು. ಕೇಳಲಿಲ್ಲ.

"ಅವ್ರು ಹತ್ತಿದ ಬಸ್ಸು ನಮ್ಮ ಯಜಮಾನ್ರು ನೋಡಿದಾರೆ ಅಕ್ಕ. ಅದು ಹೋಗೋದು..." ಅಂತ ಸೊಸೆ ಶುರು ಮಾಡಿದರು.

"ಬೇಡಮ್ಮ," ಅಂದೆ. "ನನಗೆ ಹೇಳ್ಬೇಡ. ಯಾರು ಬಂದ್ ಕೇಳಿದ್ರೂ ಹೇಳ್ಬೇಡ."